ಗಲ್ಲದ ಮೋಜಣಿ

ಖಾನಾಪುರ,
೧೪ ಜೂನ್ ೧೯೨೬

ಮಗಳು ಸುಮನ್‌ಗೆ ಅಪ್ಪನ ಆಶೀರ್ವಾದ.

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡು ಆಶ್ಚರ್ಯಪಟ್ಟಿರಬೇಕು. ನಿನ್ನ ತಾಯಿ ತೀರಿಕೊಂಡ ದಿನ ನಿನಗೆ ತಂತಿ ಕೊಡಲಿಲ್ಲವೆಂಬ ಸಿಟ್ಟು ಇನ್ನೂ ಇಳಿದಿಲ್ಲವೆಂದು ಬಲ್ಲೆ. ಪುಣೆಯಲ್ಲಿ ನಿನ್ನ ಕಡೆಯ ಪರೀಕ್ಷೆಗೆ ಆಗ ಆರು ದಿನವಿತ್ತು. ಆ ಮಾತು ಈಗ ಎತ್ತುವುದಿಲ್ಲ. ನೀನು ಬೆಳಗಾವಿಯ ಹೆಣ್ಣುಮಕ್ಕಳ ವಾರ್ಡಿಗೆ ಡಾಕ್ಟರಾಗಿ ಬಂದ ಸುದ್ದಿಯನ್ನು ಕಾಕತಿಯಿಂದ ನಿನ್ನ ಕಾಕಾ ಪಂಢರಿನಾಥ ಬರೆದು ತಿಳಿಸಿದ. ಸಂತೋಷವಾಯಿತು. ರೈಲಿಗೆ ಒಂದು ತಾಸಿನ ದಾರಿ, ಆದರೂ ಸದ್ಯ ಬರಬೇಡ. ಮನೆಯ ಹಂಚು ಇಳಿಸಿ ರಿಪೇರಿ ನಡೆಸಿದ್ದೇನೆ. ಅಲ್ಲಿಯವರೆಗೆ ಮಲಪ್ರಭೆಯ ದಂಡೆಗೆ, ನಿಂತುಹೋದ ಹಂಚಿನ ಭಟ್ಟಿಯ ಕೋಣೆಯಲ್ಲಿ ಇರುತ್ತೇನೆ.

ಒಂದು ಪ್ರಶ್ನೆ ಕೇಳಬೇಕಾಗಿದೆ. ಸರ್ವೆ ಖಾತೆಯಲ್ಲಿ ನನ್ನ ಜೊತೆಗಿದ್ದ ಗೃಹಸ್ಥರೊಬ್ಬರಿಗೆ ಎಡಗಲ್ಲ ಜಡವಾಗಿದೆ. ಮೊದಲು ಚರ್ಮದ ಕೆಳಗೆ ಇರುವೆ ಹರಿದಂತಾಗುತ್ತಿತ್ತಂತೆ, ಈಗ ಅದೂ ಇಲ್ಲ. ಸೂಜಿಯ ಮೊನೆ ಮುಟ್ಟಿಸುತ್ತ ಹೋದರೆ ಜಡವಾದ ಭಾಗಕ್ಕೆ ಒಂದು ಗಡಿ ಸಿಗುತ್ತದೆ. ಕೆಳರೆಪ್ಪೆಯಿಂದ ಹೊರಟು, ಮೂಗಿನ ಬದಿಗೆ ಇಳಿದು, ಮೇಲ್ದುಟಿಯ ಸರಿಯಾಗಿ ನಡುವೆ ಬಂದು ನಿಲ್ಲುತ್ತದೆ. ಗೋದಿಕಾಳಿನಷ್ಟೂ ಬಲಕ್ಕೆ ದಾಟುವುದಿಲ್ಲ. ಮೂವತ್ತೊಂದು ವರ್ಷ ಮೋಜಣಿಯ ಕೆಲಸದಲ್ಲಿ ಹೊಲಗಳ ಗಡಿ ಅಳೆದವನು ನಾನು. ಮನುಷ್ಯರು ಹಾಕಿಕೊಂಡ ಯಾವ ಗಡಿಯೂ ಇಷ್ಟು ನೇರ ಇದ್ದದ್ದನ್ನು ಕಂಡಿಲ್ಲ. ಇದನ್ನು ಯಾರು ಎಳೆದರು? ಶರೀರದ ಒಳಗೆ ಇಂಥ ಗಡಿಗಳು ಹುಟ್ಟಿನಿಂದಲೇ ಇರುತ್ತವೆಯೇ?

ಪುರಸತ್ತಾದಾಗ ಎರಡು ಸಾಲು ಬರೆ.

ನಿನ್ನ ಅಪ್ಪ,
ಬಿಂದುಮಾಧವ


ಬೆಳಗಾವಿ,
೧೮ ಜೂನ್ ೧೯೨೬

ಅಪ್ಪಾ,

ಕಾಗದ ಮುಟ್ಟಿತು.

ಹೌದು, ಗಡಿ ಹುಟ್ಟಿನಿಂದಲೇ ಇರುತ್ತದೆ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರ ಎಡಕ್ಕೊಂದು, ಬಲಕ್ಕೊಂದು. ಒಂದೊಂದೂ ಮೂರು ಕವಲಾಗುತ್ತದೆ. ಮೇಲಿನದು ಹಣೆಗೆ, ನಡುವಿನದು ಗಲ್ಲಕ್ಕೆ, ಕೆಳಗಿನದು ದವಡೆಗೆ. ಮುಖದ ನಡುಗೆರೆಯಲ್ಲಿ ಎಡದ ನರದ ಸೀಮೆ ಮುಗಿದು ಬಲದ್ದು ಸುರುವಾಗುತ್ತದೆ. ನಿಮ್ಮ ಗೃಹಸ್ಥರು ಹೇಳಿದ್ದು ನಡುವಿನ ಕವಲಿನ ಸೀಮೆ. ಪುಸ್ತಕಗಳಲ್ಲಿ ಅದಕ್ಕೆ ಬಣ್ಣ ಹಚ್ಚಿ ತೋರಿಸಿರುತ್ತಾರೆ. ರೋಗಿಯೊಬ್ಬ ತಾನಾಗಿ ಅದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಅವರಿಗೆ ನೋವಿದೆಯೇ? ಎಡಗಡೆಯ ಮೇಲಿನ ಹಲ್ಲುಗಳು ಹೇಗಿವೆ? ಅವರನ್ನು ಇಲ್ಲಿಗೆ ಕಳಿಸಿ.

ನಿಮ್ಮ ಕಾಗದಕ್ಕೆ ಬೇವಿನ ಹೊಗೆಯ ವಾಸನೆ ಇತ್ತು. ಯಾಕೆ? ಮತ್ತು ಜೂನ್ ತಿಂಗಳಲ್ಲಿ ಮನೆಯ ಹಂಚು ಯಾರು ಇಳಿಸುತ್ತಾರೆ?

ಸುಮನ್


ಖಾನಾಪುರ,
೫ ಜುಲೈ ೧೯೨೬

ಸುಮನ್‌ಗೆ ಆಶೀರ್ವಾದ.

ಹಂಚಿನ ವಿಷಯ ಬಿಡು. ಹೊಗೆ ಸೊಳ್ಳೆಗೆಂದು ಹಾಕಿದ್ದು.

ಹಲ್ಲಿನ ಬಗ್ಗೆ ನೀನು ಕೇಳಿದ್ದು ನನಗೆ ಬೆರಗು ಹುಟ್ಟಿಸಿತು. ಅವರು ಅದನ್ನು ನನಗೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಪರೀಕ್ಷೆಯಾಯಿತು. ಎಡಗಡೆಯ ಮುಂದಿನ ಮೂರು ಹಲ್ಲು ಕಟ್ಟಿಗೆಯಾಗಿವೆ. ಪೇರಲಹಣ್ಣು ಕಚ್ಚಿದರೆ ಬಲಗಡೆಗೆ ಮಾತ್ರ ಕಚ್ಚಿದ್ದು ತಿಳಿಯುತ್ತದೆ. ಹದಿನಾರು ಮೈಲಿನ ಮೇಲೆ ಕುಳಿತ ನಿನಗೆ, ಕಾಣದ ಬಾಯಿಯೊಳಗಿನದು ಹೇಗೆ ತಿಳಿಯಿತು?

ಪ್ರತಿ ಸೋಮವಾರ ಬೆಳಿಗ್ಗೆ ಕನ್ನಡಿ, ಸೂಜಿ, ಕೈವಾರ ಇಟ್ಟುಕೊಂಡು ಅವರ ಮೋಜಣಿ ನಡೆಯುತ್ತದೆ. ಮೂರು ವಾರದ ಮೂರು ನಕಾಶೆ ಇದರ ಜೊತೆ ಇಟ್ಟಿದ್ದೇನೆ. ಅಳತೆ ಮುಖದಷ್ಟೇ, ಹೆಚ್ಚು ಕಡಿಮೆ ಮಾಡಿಲ್ಲ. ಗಡಿ ಕಣ್ಣಿನ ಹೊರತುದಿಯ ಕಡೆಗೆ ಎರಡು ಗೋದಿಕಾಳು ಸರಿದಿದೆ. ನಡುಗೆರೆ ಮಾತ್ರ ಅಲ್ಲೇ ಇದೆ.

ಅವರನ್ನು ಕಳಿಸುವ ಮಾತು ಬೇಡ. ಪೇಟೆಯ ಡಾಕ್ಟರರೊಬ್ಬರು ನೋಡಿ ಕುಷ್ಠವೆಂದಿದ್ದಾರೆ. ಆ ಗೃಹಸ್ಥರು ಅದನ್ನು ಒಪ್ಪಿಕೊಂಡು, ಮನೆ ಬಿಟ್ಟು ಬೇರೆ ಇದ್ದಾರೆ.

ನಿನ್ನ ಅಪ್ಪ


ಖಾನಾಪುರ,
೨ ಆಗಸ್ಟ್ ೧೯೨೬

ಡಾಕ್ಟರ್ ಸುಮನ್‌ಬಾಯಿಯವರಿಗೆ,

ಇಲ್ಲಿಯ ಕನ್ನಡ ಸಾಲಿಯ ಮಾಸ್ತರ ಈರಯ್ಯ ಬರೆಯುವುದು. ನಿಮ್ಮ ತಂದೆಯವರ ಕೈಕೆಳಗೆ ಇಪ್ಪತ್ತು ವರ್ಷ ಮೋಜಣಿಯ ಸರಪಳಿ ಹಿಡಿದ ಕಲ್ಲಯ್ಯ ನನ್ನ ಮುಂದೆ ಕುಳಿತಿದ್ದಾನೆ. ಅವನು ಹೇಳಿದ್ದನ್ನು ತಿದ್ದದೆ ಇಳಿಸಿದ್ದೇನೆ.

"ಬಾಯಾರ, ನಿಮಗ ತಿಳಿಸಬ್ಯಾಡ ಅಂತ ರಾಯರು ಆಣಿ ಹಾಕ್ಯಾರ್ರಿ. ನಾ ಆಣಿ ಮುರದೇನಿ. ಜಡ್ಡ ಆಗಿದ್ದು ರಾಯರಿಗೇ. ಮೂರು ವರ್ಷದ ಹಿಂದ ಜಾಂಬೋಟಿ ಕ್ಯಾಂಪಿನ್ಯಾಗ ಅವರ ಎಡಗಲ್ಲಕ್ಕ, ಮೂಗಿನ ಬಾಜೂಕ, ಒಂದು ಹುಣ್ಣ ಆಗಿತ್ರಿ. ಬಾಳ ದಿನ ಮಾಯಲಿಲ್ಲ. ಕೊಯ್ಸಿ ಸುಡಿಸಿದ್ರು, ಮಾಯಿತು. ಈ ವರ್ಷ ಸಂಕ್ರಮಣ ಆದಮ್ಯಾಲ ಗಲ್ಲ ಜೋಮು ಹಿಡೀತ್ರಿ. ಪ್ಯಾಟಿ ಡಾಕ್ಟರ ಒಬ್ಬಾಂವ ಕೋಳಿ ಪುಚ್ಚ ಮುಟ್ಟಿಸಿ ನೋಡಿ, ದೊಡ್ಡ ರೋಗ ಐತಿ ಅಂದ. ಅವತ್ತ ಸಂಜಿಕ ರಾಯರು ಹಾಸಿಗಿ ಸುತಗೊಂಡು ಭಟ್ಟಿಗೆ ಬಂದ್ರು. 'ಕಲ್ಲಯ್ಯಾ, ನನ್ನ ಮಗಳು ಹಡಿಯೂ ಹೆಂಗಸರನ್ನ ಮುಟ್ಟೂ ಡಾಕ್ಟರ. ಈ ಸುದ್ದಿ ಹೊರಗ ಬಿತ್ತಂದ್ರ ಆಕಿ ಕಡೆ ಒಬ್ಬರೂ ಬರೂದಿಲ್ಲ' ಅಂದ್ರು. ನಿಮಗ ಬರಿಯೂ ಕಾಗದಕ್ಕ ಹೊಗಿ ಹಿಡದು, ಬಿಸಲಿಗೆ ಒಣಗಿಸಿ, ಆಮ್ಯಾಲ ಕಲ್ಲಿನ ಮ್ಯಾಲ ಇಡ್ತಾರ. ನಾ ಅಲ್ಲಿಂದ ತಗೋಬೇಕು. ನನ್ನ ಕೈ ಸುದ್ದಾ ಹತ್ತಗೊಡೂದಿಲ್ರಿ. ಕಾಕತಿಯಿಂದ ಅವರ ತಮ್ಮಾರು ಬಂದಿದ್ರು, ಬೇಲಿ ಆಚಿ ನಿಂತು ಮಾತಾಡಿ ಹ್ವಾದ್ರು.

"ಬರೇ ಜೋಮ ಆಗಿದ್ರ ನಾ ಬರಸ್ತಿದ್ದಿಲ್ಲ. ಒಮ್ಮೊಮ್ಮಿ ಅವರಿಗೆ ಗಲ್ಲದಾಗ ಮಿಂಚ ಹೊಡದಂಗ ಆಗತೈತಿ. ಆವಾಗ ಮಾತ ನಿಲ್ಲಿಸಿ, ಹೊಳಿದಂಡಿ ಮತ್ತಿ ಗಿಡಾನ ತೆಕ್ಕಿ ಹಾಯ್ದು ನಿಂದರ್ತಾರ. ಒದರೂದಿಲ್ರಿ. ಹಿಂದಗಡೆ ನೋಡಿದ್ರ ಉಗರಿನ್ಯಾಗ ತೊಗಟಿ ಇರತೈತಿ. ನಿಮಗ ತಿಳಿದಿದ್ದು ಮಾಡ್ರಿ."

ಇಷ್ಟು ಅವನ ಮಾತು. ರುಜು ಬರುವುದಿಲ್ಲವಾದ್ದರಿಂದ ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿದ್ದೇನೆ.

ಈರಯ್ಯ


ಬೆಳಗಾವಿ,
೧೦ ಆಗಸ್ಟ್ ೧೯೨೬

ಅಪ್ಪಾ,

ಮೊನ್ನೆ ಭಾನುವಾರ ನಾನು ಭಟ್ಟಿಗೆ ಬಂದಾಗ ನೀವು ಬಾಗಿಲ ಅಗಳಿ ತೆಗೆಯಲಿಲ್ಲ. ಎರಡು ತಾಸು ಮೆಟ್ಟಿಲ ಮೇಲೆ ಕೂತಿದ್ದೆ. ಕಿಟಕಿಯ ಸಂದಿಯಲ್ಲಿ ನಿಮ್ಮ ಅರ್ಧ ಮುಖ ಕಂಡಿತು. ತುಟಿಯ ಎಡತುದಿಗೆ ಅನ್ನದ ಅಗುಳು ಅಂಟಿತ್ತು, ನಿಮಗೆ ತಿಳಿದಿರಲಿಲ್ಲ.

ಹದಿಮೂರಕ್ಕೆ ವಿಧವೆಯಾದ ಮಗಳ ಕೈಗೆ ಪುಸ್ತಕ ಕೊಟ್ಟವರು ನೀವು. ಕಾಕಾ ಬೇಡವೆಂದರು, ಕೇಳಲಿಲ್ಲ. ಓದಿಸಿ ಡಾಕ್ಟರಳನ್ನಾಗಿ ಮಾಡಿ, ಈಗ ರೋಗವನ್ನು ಅವಳಿಂದಲೇ ಮುಚ್ಚಿಡುತ್ತೀರಿ. ಅಮ್ಮನ ವಿಷಯದಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದಿರಿ. ಯಾರ ಒಳ್ಳೆಯದಕ್ಕೆ?

ಸಿಟ್ಟಿನ ಮಾತು ಇಷ್ಟಕ್ಕೇ ಸಾಕು. ನಿಮ್ಮ ನಕಾಶೆಗಳನ್ನು ಮೇಜಿನ ಮೇಲೆ ಹರಡಿ ಎರಡು ದಿನ ನೋಡಿದ್ದೇನೆ. ನಾನು ಓದಿದಷ್ಟರಲ್ಲಿ, ಕಂಡಷ್ಟರಲ್ಲಿ, ಕುಷ್ಠದ ಕಲೆ ಎಣ್ಣೆ ಚೆಲ್ಲಿದಂತೆ ಹರಡುತ್ತದೆ. ಯಾವ ನರದ ಸೀಮೆ ಎಲ್ಲಿ ಮುಗಿಯಿತೆಂದು ನೋಡಿಕೊಂಡು ನಿಲ್ಲುವುದಿಲ್ಲ. ಚರ್ಮದ ಬಣ್ಣ ಕೆಡಿಸುತ್ತದೆ. ಹಲ್ಲಿನ ಬೇರಿಗೆ ಇಳಿಯುವುದಿಲ್ಲ. ನಿಮ್ಮ ಜಡತೆ ಒಂದು ನರದ ಇಡೀ ಸೀಮೆಯನ್ನು ತುಂಬಿಕೊಂಡು, ಅದರ ಅಂಚಿಗೆ ಸರಿಯಾಗಿ ನಿಂತಿದೆ. ಅಂದರೆ ಕೆಟ್ಟಿರುವುದು ಗಲ್ಲವಲ್ಲ. ಗಲ್ಲಕ್ಕೆ ಬರುವ ದಾರಿ, ಎಲುಬಿನೊಳಗಿನ ದಾರಿ, ಅಲ್ಲಿ ಏನೋ ಕೂತಿದೆ.

ನನಗೆ ನಿಮ್ಮ ಮೊಣಕೈಯ ನರ ಒತ್ತಿ ನೋಡಬೇಕು. ಮೂಗಿನೊಳಗಿಂದ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ಹಳೆಯ ಹುಣ್ಣಿನ ಗಾಯ ನೋಡಬೇಕು. ಬರುವ ಭಾನುವಾರ ಬೆಳಿಗ್ಗೆ ಬರುತ್ತೇನೆ. ಅಗಳಿ ತೆಗೆಯದಿದ್ದರೆ ಕಲ್ಲಯ್ಯನವರಿಂದ ಬಾಗಿಲು ಒಡೆಸುತ್ತೇನೆ.

ನೋವಿನ ಮಾತಿಗೆ ನೀವು ಉತ್ತರ ಕೊಟ್ಟಿಲ್ಲ.

ಸುಮನ್


ಖಾನಾಪುರ,
೧೬ ಆಗಸ್ಟ್ ೧೯೨೬

ಸುಮನ್,

ನಿನ್ನೆ ನೀನು ರೈಲಿಗೆ ಹೋದ ಮೇಲೆ ಬಹಳ ಹೊತ್ತು ಹಾಗೇ ಕುಳಿತಿದ್ದೆ.

ಆರು ತಿಂಗಳಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ನೀನು ಬಂದವಳೇ ಬರಿಗೈಯಿಂದ ಎರಡೂ ಗಲ್ಲ ಹಿಡಿದೆ. ಎಡಕ್ಕೆ ಏನೂ ತಿಳಿಯಲಿಲ್ಲ. ಬಲಕ್ಕೆ ನಿನ್ನ ಅಂಗೈ ಬಿಸಿ ತಿಳಿಯಿತು. ಒಂದೇ ಮುಖದ ಮೇಲೆ ಒಂದು ಕೈ ಬಂದಿದೆ, ಒಂದು ಕೈ ಬಂದಿಲ್ಲ. ಕಣ್ಣಿಗೆ ಎರಡೂ ಕಾಣುತ್ತಿವೆ. ಅದನ್ನು ಏನೆನ್ನಬೇಕೋ ನನಗೆ ತಿಳಿಯದು.

ಗಾಯದ ಕೆಳಗೆ ಬಟಾಣಿಯಷ್ಟು ಗಟ್ಟಿ ಸಿಕ್ಕಿತೆಂದೆ. ಅದನ್ನು ನೀನು ಒಂದೇ ಗೀರಿನಲ್ಲಿ ಕೊಯ್ದು ತೆಗೆದೆ. ನೋಡಿದೆ.

ಒಂದು ಮಾತು ಹೇಳಿರಲಿಲ್ಲ. ನಿನ್ನ ತಾಯಿ ಹೋದ ದಿನ ನಾನು ತಾರಾಫೀಸಿನವರೆಗೆ ಹೋಗಿ, ಫಾರ್ಮು ತುಂಬಿ, ಅಲ್ಲೇ ಹರಿದುಹಾಕಿ ಬಂದೆ. ಅದು ಸರಿಯಿತ್ತೋ ಇಲ್ಲವೋ ಇವತ್ತಿಗೂ ತಿಳಿಯುತ್ತಿಲ್ಲ.

ಅಪ್ಪ


ಬೆಳಗಾವಿ,
೨೦ ಸೆಪ್ಟೆಂಬರ್ ೧೯೨೬

ಅಪ್ಪಾ,

ಮುಚ್ಚಿಡುವುದಿಲ್ಲವೆಂದು ಆ ದಿನ ನಿಮಗೆ ಮಾತು ಕೊಟ್ಟಿದ್ದೆ. ನೇರವಾಗಿ ಬರೆಯುತ್ತೇನೆ, ಕೂತು ಓದಿ.

ನಿಮಗೆ ಕುಷ್ಠವಿಲ್ಲ. ಮೂಗಿನಿಂದ, ಕಿವಿಯಿಂದ, ಗಲ್ಲದಿಂದ ತೆಗೆದದ್ದನ್ನು ನಾನು ಮೂರು ಸಲ, ನಮ್ಮ ಹಿರಿಯ ಸರ್ಜನ್ನರು ಎರಡು ಸಲ ನೋಡಿದೆವು. ಆ ರೋಗದ ಕ್ರಿಮಿ ಒಂದೂ ಇಲ್ಲ.

ನಿಮಗಿರುವುದು ಕ್ಯಾನ್ಸರ್. ಜಾಂಬೋಟಿಯಲ್ಲಿ ಕೊಯ್ಸಿದ ಹುಣ್ಣು ಅದೇ ಆಗಿತ್ತು. ಮೇಲಿನದು ಹೋಯಿತು, ಬೇರು ಉಳಿಯಿತು. ಗಾಯದಿಂದ ತೆಗೆದ ಚೂರನ್ನು ಪುಣೆಯಲ್ಲಿ ನನಗೆ ಕಲಿಸಿ ಈಗ ಮುಂಬಯಿಯಲ್ಲಿರುವ ಪ್ರೊಫೆಸರರಿಗೆ ಕಳಿಸಿದ್ದೆ. ಅವರು ಗಾಜಿನ ಮೇಲೆ ಅದರ ತೆಳು ಪದರ ಹಚ್ಚಿ, ಬಣ್ಣ ಹಾಕಿ, ಹಿಂದಕ್ಕೆ ಕಳಿಸಿದರು. ನಾನೂ ನೋಡಿದೆ. ಅಡ್ಡ ಕೊಯ್ದ ನರ ಸೂಕ್ಷ್ಮದರ್ಶಕದಲ್ಲಿ ಕಟ್ಟಿಟ್ಟ ಕಬ್ಬಿನ ಹೊರೆಯ ತುದಿಯಂತೆ ಕಾಣುತ್ತದೆ, ಗುಂಡಗೆ ಗುಂಡಗೆ. ಒಂದೊಂದು ಗುಂಡಿನ ಸುತ್ತ ಸಣ್ಣ ಪೊರೆ. ಆ ಪೊರೆಗೂ ನರಕ್ಕೂ ನಡುವಿನ ಸಂದಿಯಲ್ಲಿ ರೋಗದ ಕಣಗಳು ಬಳೆ ತೊಟ್ಟಂತೆ ಸುತ್ತಿಕೊಂಡು ಕೂತಿವೆ. ಪಕ್ಕದ ಮಾಂಸ, ಕೊಬ್ಬು ಸ್ವಚ್ಛ. ಅಷ್ಟು ಜಾಗವಿದ್ದರೂ ಅತ್ತಿತ್ತ ಹೋಗದೆ, ಆ ಕೂದಲೆಳೆಯ ದಾರಿ ಹಿಡಿದು ಒಳಗೆ ನಡೆದಿವೆ. ನನಗೆ ಹೆದರಿಕೆಯಾಯಿತು. ಹೆದರಿಕೆಯ ಜೊತೆಗೆ ಕಣ್ಣು ತೆಗೆಯಲು ಮನಸ್ಸೂ ಬರಲಿಲ್ಲ.

ಮುಂಬಯಿಯಲ್ಲಿ ಮೇಲ್ದವಡೆಯ ಎಲುಬು ಪೂರಾ ತೆಗೆದು ನೋಡಬಹುದಂತೆ. ಅಷ್ಟು ಮಾಡಿದರೂ ತುದಿ ಸಿಕ್ಕೀತೆಂದು ಪ್ರೊಫೆಸರರು ಹೇಳುವುದಿಲ್ಲ. ನಿರ್ಧಾರ ನಿಮ್ಮದು.

ನೋವಿದೆಯೇ, ಅಪ್ಪಾ?

ಸುಮನ್


ಖಾನಾಪುರ,
೨೭ ಸೆಪ್ಟೆಂಬರ್ ೧೯೨೬

ಸುಮನ್,

ನಿನ್ನ ಕಾಗದ ಬಂದಾಗ ಕಲ್ಲಯ್ಯ ಎಂದಿನಂತೆ ಕಲ್ಲಿನ ಆಚೆ ನಿಂತಿದ್ದ. ಓದಿ ಮುಗಿಸಿ ಕೈ ಚಾಚಿದೆ. ಅವನು ನನ್ನ ಮುಖ ನೋಡಿದ.

"ಹಿಡಿ ಕಲ್ಲಯ್ಯಾ. ಅದು ಅಲ್ಲಂತ."

"ಮತ್ತೇನ್ರಿ?"

"ಕ್ಯಾನ್ಸರ್. ನನ್ನ ಒಬ್ಬನ್ನ ತಗೊಂಡು ಹೋಗ್ತದ. ಮುಟ್ಟಿದವರಿಗೆ ಬರೂದಿಲ್ಲ."

ಅವನು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅತ್ತ. ನಾನು ನಕ್ಕೆ. ಸಾವಿನ ಕಾಗದ ಓದಿ ನಗುವುದು ನಿನಗೆ ವಿಚಿತ್ರವೆನಿಸೀತು. ಮನುಷ್ಯರ ನಡುವೆ ಸಾಯಬಹುದೆಂದು ಆ ಗಳಿಗೆಯಲ್ಲಿ ತಿಳಿದುಕೊಂಡೆ. ಅದೇ ದಿನ ಮನೆಗೆ ಬಂದೆವು. ಓಣಿಯಲ್ಲಿ ಕೆಲವರು ಇನ್ನೂ ದೂರ ಸರಿಯುತ್ತಾರೆ. ಎದುರು ಮನೆಯ ಕಾಶವ್ವ ಮಾತ್ರ ರೊಟ್ಟಿ ತಂದು ಕೈಗೇ ಕೊಟ್ಟಳು.

ಮುಂಬಯಿ ಬೇಡ. ತುದಿ ಸಿಗದ ಅಗೆತ ನನಗೆ ಒಪ್ಪುವುದಿಲ್ಲ.

ನನಗೆ ಆ ದಾರಿ ಬೇಕು. ಎಲ್ಲಿ ಒಳಹೋಗುತ್ತದೆ, ಎಲ್ಲಿ ತಿರುಗುತ್ತದೆ, ಎಷ್ಟು ಉದ್ದ? ಇಡೀ ತಾಲೂಕು ತಿರುಗಿದೆ, ಗುಡ್ಡ ಹತ್ತಿ ಕಾಡು ಅಳೆದೆ. ನನ್ನ ಕಣ್ಣಿನ ಕೆಳಗೆ ಒಂದು ದಾರಿ ಇದ್ದದ್ದು ಐವತ್ತೆಂಟು ವರ್ಷ ಗೊತ್ತಾಗಲಿಲ್ಲ.

ಅಪ್ಪ


ಬೆಳಗಾವಿ,
೧೨ ಅಕ್ಟೋಬರ್ ೧೯೨೬

ಅಪ್ಪಾ,

ಇವತ್ತು ಆಸ್ಪತ್ರೆಯ ಕಪಾಟಿನಿಂದ ತಲೆಬುರುಡೆ ತೆಗೆಸಿ ಮಧ್ಯಾಹ್ನವೆಲ್ಲ ಅದರ ಜೊತೆ ಕೂತಿದ್ದೆ. ನೀವು ಕೇಳಿದ್ದರಿಂದ, ಮೊದಲ ಸಲ ನೋಡುವವಳಂತೆ ನೋಡಿದೆ.

ಕಣ್ಣಿನ ಗೂಡಿನ ಕೆಳಗೆ, ಮೂಗಿನ ಬದಿಗೆ, ಗಲ್ಲದ ಎಲುಬಿನಲ್ಲಿ ಒಂದು ಸಣ್ಣ ತೂತು. ನರ ಗಲ್ಲಕ್ಕೆ ಹೊರಬರುವ ಬಾಗಿಲು ಅದು. ಅಲ್ಲಿಂದ ಒಂದು ಕಸಬರಿಗೆ ಕಡ್ಡಿ ತೂರಿಸಿದೆ. ಕಣ್ಣಗುಡ್ಡೆ ಕೂರುವ ನೆಲದ ಕೆಳಗಿನ ಕಾಲುವೆಯಲ್ಲಿ ಹಾಯ್ದು ಹಿಂದಕ್ಕೆ ಹೋಯಿತು. ನಡುವೆ ಸಣ್ಣ ಕವಲುಗಳು ಹಲ್ಲುಗಳಿಗೆ ಇಳಿಯುತ್ತವೆ. ಹಿಂದೆ ಒಂದು ಸಂದಿ, ಅದರಾಚೆ ತಲೆಯ ತಳದಲ್ಲಿ ದುಂಡಗಿನ ಇನ್ನೊಂದು ತೂತು. ಅದನ್ನು ದಾಟಿದರೆ ಮಿದುಳಿನ ಕೋಣೆ. ಅಲ್ಲಿ ಮೂರೂ ಕವಲು ಒಂದುಗೂಡುತ್ತವೆ. ಗಲ್ಲದ ತೂತಿನಿಂದ ಒಳಗಿನ ತೂತಿನವರೆಗೆ ಎರಡೂಕಾಲು ಇಂಚು. ಅಷ್ಟೇ. ಒಂದು ನೊಣ ಮುಖದ ಮೇಲೆ ಕೂತದ್ದು, ಅಮ್ಮ ಗಲ್ಲ ಸವರಿದ್ದು, ಎಲ್ಲ ಸುದ್ದಿಯೂ ಈ ಎರಡೂಕಾಲು ಇಂಚಿನ ಮೇಲಿಂದಲೇ ಹೋಗಬೇಕು. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದೆ. ಆಶ್ಚರ್ಯಪಡಲು ಆಗ ಪುರಸತ್ತಿರಲಿಲ್ಲ.

ದೀಪಾವಳಿಗೆ ಬರುತ್ತೇನೆ. ನೋವಿಗೆ ಪುಡಿ ಕಳಿಸಿದ್ದೇನೆ, ತೆಗೆದುಕೊಳ್ಳಿ.

ಸುಮನ್


ಖಾನಾಪುರ,
೨೨ ನವೆಂಬರ್ ೧೯೨೬

ಸುಮನ್,

ಈ ಸೋಮವಾರ ಹಣೆ ಸೇರಿತು. ಎಡಹುಬ್ಬಿನಿಂದ ನೆತ್ತಿಯವರೆಗೆ, ಮತ್ತೆ ನಡುಗೆರೆಗೆ ನೇರ. ನೀನು ಹೇಳಿದ ಕೂಡುದಾರಿಯನ್ನು ಅದು ಮುಟ್ಟಿದೆ. ಅಲ್ಲಿಂದ ಹಿಂದಿರುಗಿ ಮೇಲಿನ ಕವಲು ಹಿಡಿದಿದೆ. ನನ್ನ ಲೆಕ್ಕ ಸರಿಯಿದ್ದರೆ ಇನ್ನು ದವಡೆಯ ಸರದಿ. ನಕಾಶೆ ಇಟ್ಟಿದ್ದೇನೆ.

ಅಳೆಯುವವನಿಗೆ ಒಂದು ಹಟವಿರುತ್ತದೆ. ಹೊರಗಿನಿಂದ ಅಳೆದದ್ದನ್ನು ಯಾರಾದರೂ ಒಳಗೆ ಹೋಗಿ ತಾಳೆ ನೋಡಬೇಕು. ನಾನು ಹೋದ ಮೇಲೆ ನಿಮ್ಮ ಸರ್ಜನ್ನರು ಈ ನರವನ್ನು ತೆರೆದು ನೋಡಲಿ. ನೀನು ಹತ್ತಿರ ಇರಬೇಕು. ನಾನು ಎಳೆದ ಗೆರೆ ಎಷ್ಟು ತಪ್ಪಿತ್ತೆಂದು ಬರೆದಿಡು.

ಅಪ್ಪ


ಬೆಳಗಾವಿ,
೬ ಡಿಸೆಂಬರ್ ೧೯೨೬

ಅಪ್ಪಾ,

ಆಗುವುದಿಲ್ಲ. ನಾನು ಡಾಕ್ಟರಳಾಗುವ ಮೊದಲು ಮಗಳು. ಈ ಮಾತು ಮತ್ತೆ ಬರೆಯಬೇಡಿ.

ಕಾಕಾ ಬಂದಿದ್ದರು. ಕೊಯ್ದ ಹೆಣಕ್ಕೆ ತಾನು ಬೆಂಕಿ ಕೊಡುವುದಿಲ್ಲವೆಂದು ಹೇಳಿ ಹೋದರು. ನೀವು ಅವರಿಗೂ ಬರೆದಿದ್ದೀರಿ.

ಸುಮನ್


ಬೆಳಗಾವಿ,
೧೦ ಜನವರಿ ೧೯೨೭

ಅಪ್ಪಾ,

ಒಂದು ತಿಂಗಳು ನಿಮಗೆ ಕಾಗದ ಬರೆಯಲಿಲ್ಲ. ನೀವೂ ಬರೆಯಲಿಲ್ಲ.

ಹೋದ ವಾರ ಭರಮವ್ವ ಎಂಬಾಕೆಯನ್ನು ವಾರ್ಡಿನ ಬಾಗಿಲಲ್ಲಿ ಬಿಟ್ಟು ಹೋದರು. ನಲವತ್ತರ ಹೆಂಗಸು. ಎಡಗೈಯ ಎರಡು ಬೆರಳು ಮಡಚಿಕೊಂಡಿದ್ದವು, ಕಿರುಬೆರಳ ಬದಿಯ ಅಂಗೈ ಜಡ. ಹತ್ತು ತಿಂಗಳಿಂದ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಎಲ್ಲರೂ ಅದೇ ಹೆಸರು ಹೇಳಿದ್ದರು, ನಾನೂ ಹೇಳುವವಳಿದ್ದೆ. ಬಾಯಿಗೆ ಬಂದದ್ದನ್ನು ತಡೆದು ಸೂಜಿ ತೆಗೆದುಕೊಂಡು ಗಡಿ ಹುಡುಕಿದೆ. ಉಂಗುರಬೆರಳಿನ ಸರಿ ನಡುವೆ ಹೋಗಿ ನಿಂತಿತು. ಅರ್ಧ ಬೆರಳು ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಅಲ್ಲಿಂದ ಮೇಲಕ್ಕೆ, ತೋಳಿನ ಒಳಬದಿಗೂ ಅದೇ ಜಡ. ಇನ್ನೂ ಮೇಲೆ ಹೋದೆ. ಕಂಕುಳಲ್ಲಿ ಕಲ್ಲಿನಂಥ ಗಂಟು, ಎದೆಯಲ್ಲಿ ಇನ್ನೊಂದು. ಆಕೆ ನಾಚಿಕೆಯಿಂದ ಯಾರಿಗೂ ತೋರಿಸಿರಲಿಲ್ಲ.

"ನಂದು ಮುಟ್ಟೂ ರೋಗ ಅಲ್ಲೇನ್ರಿ?" ಎಂದಳು. ಅಲ್ಲವೆಂದೆ. ಮಗನನ್ನು ಕರೆಸಿ ಅವನೆದುರಿಗೂ ಹೇಳಿದೆ. ಅವನು ತಾಯಿಯ ಕಾಲ ಮೇಲೆ ತಲೆಯಿಟ್ಟು ಏಳಲೇ ಇಲ್ಲ. ಆಕೆ ಬದುಕುವುದಿಲ್ಲ. ಆದರೆ ಕೊಟ್ಟಿಗೆಗೆ ಹಿಂದಿರುಗುವುದಿಲ್ಲ.

ನಿಮ್ಮ ನಕಾಶೆ ನೋಡಿರದಿದ್ದರೆ ನಾನೂ ಪುಚ್ಚ ಮುಟ್ಟಿಸಿ ಕಳಿಸುತ್ತಿದ್ದೆ.

ನೀವು ಹೇಳಿದ್ದನ್ನು ಮಾಡಿಸುತ್ತೇನೆ. ಹತ್ತಿರ ಇರುತ್ತೇನೆ. ಆದರೆ ಈಗಲೇ ನನ್ನ ಬಳಿ ಬರಬೇಕು. ಕೋಟೆಯ ಹತ್ತಿರ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಬಿಸಿಲು ಚೆನ್ನಾಗಿ ಬರುತ್ತದೆ.

ಸುಮನ್


ಖಾನಾಪುರ,
೧೭ ಜನವರಿ ೧೯೨೭

ಸುಮನ್,

ಅಕ್ಷರ ಓರೆಯಾಗಿದ್ದರೆ ಕ್ಷಮಿಸು. ಎಡಗಣ್ಣು ಕಟ್ಟಿಕೊಂಡಿದ್ದೇನೆ.

ಭರಮವ್ವನ ಸುದ್ದಿಯನ್ನು ಮೂರು ಸಲ ಓದಿದೆ. ನಾನು ಕಾಣದ ಹೆಂಗಸು, ನನ್ನ ಗಲ್ಲದ ನಕಾಶೆ ಹಿಡಿದು ಮನೆಗೆ ಹೋದಳು. ಇಷ್ಟು ಜಮೀನು ಅಳೆದು ಕೊಟ್ಟರೂ ಯಾರನ್ನೂ ಹೀಗೆ ಮನೆ ಸೇರಿಸಿರಲಿಲ್ಲ.

ಗುರುವಾರದ ಗಾಡಿಗೆ ಬರುತ್ತೇನೆ. ಕಲ್ಲಯ್ಯ ತಂದು ಬಿಡುತ್ತಾನೆ.

ನೋವಿದೆಯೇ ಎಂದು ನೀನು ಜೂನ್ ತಿಂಗಳಿಂದ ಕೇಳುತ್ತಿದ್ದೀ. ಇದೆ. ಬಹಳ ಇದೆ. ಒಂದು ಸಲ ಬರೆದರೆ ಬೇರೆ ಏನೂ ಬರೆಯಲು ಆಗಲಿಕ್ಕಿಲ್ಲವೆಂದು ಬಿಟ್ಟಿದ್ದೆ.

ನಿನ್ನ ಅಪ್ಪ


ಬೆಳಗಾವಿ,
೨೦ ಮಾರ್ಚ್ ೧೯೨೭

ಕಲ್ಲಯ್ಯನವರಿಗೆ ನಮಸ್ಕಾರ. ಈರಯ್ಯ ಮಾಸ್ತರರು ದಯಮಾಡಿ ಓದಿ ಹೇಳಬೇಕು.

ಅಪ್ಪನ ಚಿತೆಯ ಮುಂದೆ ನೀವು, "ರಾಯರು ಅಳದಿದ್ದು ಖರೇ ಇತ್ತೇನ್ರಿ ಬಾಯಾರ?" ಎಂದು ಕೇಳಿದಿರಿ. ಈಗ ಹೇಳುತ್ತೇನೆ.

ಕಡೆಯ ಐದು ದಿನ ಅವರಿಗೆ ಮಾತಿರಲಿಲ್ಲ. ನಾನು ಬಲಮಗ್ಗುಲಲ್ಲೇ ಕೂರುತ್ತಿದ್ದೆ, ಕೈಯಿಟ್ಟರೆ ಆ ಕಡೆ ತಿಳಿಯುತ್ತಿತ್ತು. ಮೂರನೆಯ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಉಸಿರು ನಿಂತಿತು.

ಹನ್ನೊಂದಕ್ಕೆ ಕಾಕತಿಯಿಂದ ಕಾಕಾ ಟಾಂಗಾದಲ್ಲಿ ಬಂದರು. ಜಗಳ ತೆಗೆಯುತ್ತಾರೆಂದುಕೊಂಡೆ. ಅವರು ಕಿಸೆಯಿಂದ ಒಂದು ಕಾಗದ ತೆಗೆದರು. "ಅಣ್ಣ ಎರಡು ಸಾಲು ಬರದಾನ. 'ಸುಮನ್ ಮಾಡೂದು ನನ್ನ ಮಾತಿನಿಂದ ಮಾಡತಾಳ. ನೀ ಆಕಿ ಜೋಡಿ ಇರು' ಅಂತ," ಎಂದರು. ಕಾಗದ ಮಡಚಿ ಕಿಸೆಗೆ ಹಾಕಿ, "ಬಾಳ ಹೊತ್ತು ಹಿಡೀತದೇನು?" ಎಂದು ಕೇಳಿದರು. ಎರಡು ತಾಸು ಎಂದೆ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತರು.

ಕೆಲಸ ಮಾಡಿದವರು ನಮ್ಮ ಸರ್ಜನ್ನರು. ಮೊದಲು ನಾನು ಗೋಡೆ ನೋಡುತ್ತ ನಿಂತಿದ್ದೆ. ಅವರು ಕರೆದಾಗ ತಿರುಗಿದೆ.

ಈ ನರ ಎಲ್ಲರಲ್ಲೂ ಬಿಳಿ ನೂಲಿನಷ್ಟಿರುತ್ತದೆ. ಅಪ್ಪನಲ್ಲಿ ಅದು ಗೋಣಿ ಹೊಲಿಯುವ ಹುರಿಯಷ್ಟು ದಪ್ಪವಾಗಿ, ಬೂದಿಬಣ್ಣವಾಗಿ, ಗಟ್ಟಿಯಾಗಿತ್ತು. ಗಲ್ಲದ ತೂತಿನಿಂದ ಕಣ್ಣಿನ ಕೆಳಗಿನ ಕಾಲುವೆ ಹಿಡಿದು, ತಲೆಯ ತಳದ ದುಂಡು ತೂತು ದಾಟಿ, ಒಳಗೆ ಹೋಗಿತ್ತು. ಅಕ್ಕಪಕ್ಕದ ಎಲುಬು, ಸ್ನಾಯು ಕೂಸಿನವುಗಳ ಹಾಗೆ ಚೊಕ್ಕಟ. ಮೂರು ಕವಲು ಕೂಡುವಲ್ಲಿ ಊದಿಕೊಂಡಿತ್ತು. ಅಲ್ಲಿಂದ ಹಣೆಯ ಕವಲಿಗೆ ಹೋಗಿತ್ತು. ದವಡೆಯ ಕವಲಿಗೆ ಆಗತಾನೆ ಇಳಿಯತೊಡಗಿತ್ತು. ಅಪ್ಪ ತೀರುವ ಹತ್ತು ದಿನ ಮೊದಲು ಹಾಕಿದ ಕಡೆಯ ನಕಾಶೆಯಲ್ಲಿ ಗದ್ದದ ಮೇಲೆ ಒಂದು ಚಿಕ್ಕ ಚುಕ್ಕೆ ಇದೆ, ಅದರ ಪಕ್ಕ ಪ್ರಶ್ನೆಯ ಗುರುತು. ನಾವು ಅದನ್ನೂ ತಾಳೆ ನೋಡಿದೆವು. ಇತ್ತು.

ಮೂವತ್ತು ವರ್ಷ ಈ ಕೆಲಸ ಮಾಡಿದ ಸರ್ಜನ್ನರು ಚಿಮಟ ಕೆಳಗಿಟ್ಟರು. ಆ ನರವನ್ನೂ ಕಾಗದವನ್ನೂ ನೋಡಿದರು, ಮತ್ತೆ ನರವನ್ನು ನೋಡಿದರು. ನನ್ನ ಕಣ್ಣಲ್ಲಿ ನೀರಿರಲಿಲ್ಲ, ಕಲ್ಲಯ್ಯನವರೆ. ದೇವರಮನೆಯ ಬಾಗಿಲು ತೆರೆದಾಗ ನಿಲ್ಲುವ ಹಾಗೆ ನಿಂತಿದ್ದೆ. ನನ್ನನ್ನು ಹೆತ್ತವರ ಮುಖದೊಳಗೆ ಅಂಥದೊಂದು ದಾರಿಯಿತ್ತು. ಸಾವು ಕೂಡ ಅದನ್ನು ಬಿಟ್ಟು ಆಚೀಚೆ ಹೆಜ್ಜೆ ಇಟ್ಟಿರಲಿಲ್ಲ. ಅದು ಎಲ್ಲಿದೆಯೆಂದು ಅವರು ಹೊರಗೆ ಕೂತು ಸೂಜಿಯ ಮೊನೆಯಿಂದ ತಿಳಿದುಕೊಂಡಿದ್ದರು.

ಮುಖವನ್ನು ಸರ್ಜನ್ನರು ಎಷ್ಟು ಸಣ್ಣ ಹೊಲಿಗೆಯಿಂದ ಮುಚ್ಚಿದರೆಂಬುದನ್ನು ನೀವೇ ನೋಡಿದಿರಿ.

ಕೈ ತೊಳೆದು ಹೊರಗೆ ಬಂದೆ. ಕಾಕಾ ಎದ್ದು ನಿಂತರು.

"ಏನಿತ್ತು?"

ಬೆರಳನ್ನು ಅವರ ಎಡಗಲ್ಲದ ಮೇಲೆ, ಕಣ್ಣಿನ ಕೆಳಗೆ ಇಟ್ಟು ಒತ್ತಿದೆ. ನಾನು ವಿಧವೆಯಾದಾಗಿನಿಂದ ಅವರು ನನ್ನ ನೆರಳಿಗೂ ಸರಿದು ನಡೆದವರು. ಈಗ ಹಿಂದಕ್ಕೆ ಸರಿಯಲಿಲ್ಲ.

"ಇಲ್ಲಿ ಒಂದು ತೂತು ಅದ ಕಾಕಾ. ಒತ್ತಿದ್ರ ತಿಳೀತದ. ಇಲ್ಲಿಂದ ಒಳಗ ಒಂದು ಸಣ್ಣ ಎಳಿ ಹೋಗ್ತದ. ನಾವು ಮುಟ್ಟಿದ್ದೆಲ್ಲಾ ಅದರ ಮ್ಯಾಲಿಂದನ ಹೋಗೂದು. ಅಪ್ಪನ ಜಡ್ಡ ಅದರಾಗ ಹೊಕ್ಕಿತ್ತು."

ಅವರು ಕಣ್ಣು ಮುಚ್ಚಿ ನನ್ನ ಬೆರಳ ಕೆಳಗೆ ಅದನ್ನು ಹುಡುಕುತ್ತಿದ್ದರು. ಸಿಕ್ಕಿತೆಂದು ಅವರ ಮುಖದಲ್ಲಿ ತಿಳಿಯಿತು.

"ಇದು ನನಗೂ ಅದೇನು?"

"ಎಲ್ಲಾರಿಗೂ ಅದ."

"ನಿನಗ?"

"ನನಗೂ."

ಕಾಕಾ ಮೆಲ್ಲಗೆ ಕೈ ಎತ್ತಿದರು. ಹೆಬ್ಬೆರಳನ್ನು ನನ್ನ ಗಲ್ಲದ ಮೇಲಿಟ್ಟು, ಎಲುಬಿನ ಅಂಚು ಹಿಡಿದು ಸರಿಸುತ್ತ ಬಂದು, ಒಂದು ಕಡೆ ನಿಲ್ಲಿಸಿದರು. ಅಲ್ಲೇ ಇತ್ತು.

"ಹೌದಲ್ಲಾ," ಎಂದರು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ರುಮಾಲು ಸುತ್ತಿಕೊಂಡು, "ನಡಿ, ಅಣ್ಣನ್ನ ಒಯ್ಯೋಣು," ಎಂದರು.

ನಿಮ್ಮ,
ಸುಮನ್